‘ನಮ್ಮ ಹುಡುಗರಿಗೆ ಇದೆಲ್ಲ ಯಾಕೆ’ ಅಂದವರಿಗೆ

ಕಳೆದ ಮಳೆಗಾಲದಲ್ಲಿ ಒಂದು ಕಾಲೇಜಿನ ಕನ್ನಡ ವಿಭಾಗದವರು ಎಂ.ಎ. ವಿದ್ಯಾರ್ಥಿಗಳಿಗೆ ಒಂದು ದಿನದ ಕಮ್ಮಟ ಇಟ್ಟುಕೊಂಡು ನನ್ನನ್ನು ಕರೆದಿದ್ದರು. ವಿಷಯ, ಕಂಪ್ಯೂಟರಿನಲ್ಲಿ ಕನ್ನಡ. ಬೆಳಗ್ಗೆ ಯೂನಿಕೋಡು, ಫಾಂಟು, ಕೀಲಿಮಣೆ ಎಲ್ಲ ಮುಗಿಸಿದೆ. ಊಟವಾದ ಮೇಲೆ ಪ್ರೊಜೆಕ್ಟರಿನಲ್ಲಿ ಒಂದು ಕರಿಪರದೆ ತೆರೆದೆ. ಅದರಲ್ಲಿ ಗುಂಡಿಯಿಲ್ಲ, ಮೆನು ಇಲ್ಲ, ಮೌಸಿಗೆ ಕೆಲಸವಿಲ್ಲ. ವಿಮ್ ಅನ್ನುವ ಎಡಿಟರು. ಎಲ್ಲವನ್ನೂ ಕೀಲಿಗಳಿಂದಲೇ ಹೇಳಬೇಕು. ಹತ್ತು ನಿಮಿಷ ಆಗಿರಲಿಲ್ಲ, ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಮೇಷ್ಟ್ರು ಎದ್ದು ನಿಂತರು. ‘ಏನಮ್ಮಾ, ಮೌಸ್ ಅಂತ ಒಂದು ಕಂಡುಹಿಡಿದಿದಾರಲ್ಲ, ಆಮೇಲೂ ಇದೇನು ವ್ರತ? ಇದೆಲ್ಲ ಇಂಜಿನಿಯರಿಂಗ್ ಹುಡುಗರಿಗೆ ಸರಿ. ನಮ್ಮ ಹುಡುಗರಿಗೆ ಯಾಕೆ?’ ಅಂದರು. ಹುಡುಗರು ನಕ್ಕರು. ನಾನೂ ನಕ್ಕೆ. ‘ಆಮೇಲೆ ಹೇಳ್ತೀನಿ ಸರ್’ ಅಂದೆ. ಆ ‘ಆಮೇಲೆ’ ಆವತ್ತು ಬರಲಿಲ್ಲ. ಈಗ ಹೇಳುತ್ತಿದ್ದೇನೆ.

ಮೊದಲು ‘ಇಂಜಿನಿಯರಿಂಗ್ ಹುಡುಗರಿಗೆ’ ಅನ್ನುವ ಮಾತು. ಇದು ಸುಳ್ಳು, ಅದೂ ಇತಿಹಾಸವನ್ನು ತಲೆಕೆಳಗು ಮಾಡುವ ಸುಳ್ಳು. ಯುನಿಕ್ಸ್ ಅನ್ನುವ ವ್ಯವಸ್ಥೆ ಹುಟ್ಟಿದ್ದು 1969ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ. ಅದನ್ನು ಕಟ್ಟುತ್ತಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಜೊತೆಯವರಿಗೆ ಒಂದು ದೊಡ್ಡ ಯಂತ್ರ ಬೇಕಿತ್ತು. ಆಪರೇಟಿಂಗ್ ಸಿಸ್ಟಂ ಬರೆಯುತ್ತೇವೆ ಅಂದರೆ ಮೇಲಿನವರು ದುಡ್ಡು ಬಿಚ್ಚುತ್ತಿರಲಿಲ್ಲ. ಹಾಗಾಗಿ ಬರಹ ಸಿದ್ಧಪಡಿಸುವ ಒಂದು ವ್ಯವಸ್ಥೆ ಮಾಡಿಕೊಡುತ್ತೇವೆ ಅಂದರು. ಯಂತ್ರ ಬಂತು. 1971ರಲ್ಲಿ ಅದನ್ನು ದಿನನಿತ್ಯದ ಕೆಲಸಕ್ಕೆ ಬಳಸಿದ ಮೊದಲ ಹೊರಗಿನವರು ಆ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಸ್ಟರು. ಪೇಟೆಂಟ್ ಅರ್ಜಿಗಳನ್ನು ಟೈಪು ಮಾಡಿ, ತಿದ್ದಿ, ಸಾಲಿಗೆ ನಂಬರು ಹಾಕಿ ಅಚ್ಚಿಗೆ ಕೊಡುವ ಕೆಲಸ ಅವರದು. ಅವರ ಕೈಗೆ ಸಿಕ್ಕಿದ ಎಡಿಟರಿನ ಹೆಸರು ‘ಎಡ್’. ತಪ್ಪು ಮಾಡಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗುತ್ತಿದ್ದ ಜಗಮೊಂಡ. ಆ ಟೈಪಿಸ್ಟರು ಅದನ್ನು ಕಲಿತರು, ಕೆಲಸ ತೆಗೆದರು. ವಿಮ್ ಅನ್ನುವುದು ಆ ಎಡ್‌ನ ಮರಿಮಗ.

ಇನ್ನೊಂದು ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಕಡತಗಳಲ್ಲಿ ಪದ ಹುಡುಕುವ ‘ಗ್ರೆಪ್’ ಅನ್ನುವ ಉಪಕರಣ ಇದೆಯಲ್ಲ, ಇವತ್ತಿಗೂ ಜಗತ್ತಿನ ಪ್ರೋಗ್ರಾಮರುಗಳು ದಿನಕ್ಕೆ ನೂರು ಸಲ ಬಳಸುವುದು. ಅದು ಹುಟ್ಟಿದ್ದು ಒಂದು ಕರ್ತೃತ್ವದ ಜಗಳದಿಂದ ಎಂದು ಬ್ರಯಾನ್ ಕರ್ನಿಹನ್ ಹೇಳಿದ್ದಾರೆ. 1787-88ರಲ್ಲಿ ಅಮೆರಿಕದ ಸಂವಿಧಾನದ ಪರವಾಗಿ ಗುಪ್ತನಾಮದಲ್ಲಿ ಪ್ರಕಟವಾದ ‘ಫೆಡರಲಿಸ್ಟ್’ ಪ್ರಬಂಧಗಳು 85. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ. ಯಾವುದು ಯಾರದು ಅನ್ನುವುದು ಕೆಲವು ಪ್ರಬಂಧಗಳ ಮಟ್ಟಿಗೆ ವಿವಾದ. ಬೆಲ್ ಲ್ಯಾಬ್ಸಿನ ಲೀ ಮ್ಯಾಕ್‌ಮಹೋನ್ ಪದಬಳಕೆ ನೋಡಿ ಅದನ್ನು ತೀರ್ಮಾನಿಸಲು ಹೊರಟಿದ್ದರು. ಪಠ್ಯ ದೊಡ್ಡದು, ಎಡ್ ಎಡಿಟರಿನ ಹೊಟ್ಟೆಗೆ ಹಿಡಿಸಲಿಲ್ಲ. ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಕಿತ್ತು ಬೇರೆ ಉಪಕರಣ ಮಾಡಿಕೊಟ್ಟರು. ಎಡ್‌ನಲ್ಲಿ ಕೊಡುತ್ತಿದ್ದ ಅಪ್ಪಣೆಯೇ ಅದರ ಹೆಸರಾಯಿತು: ಇಡೀ ಕಡತದಲ್ಲಿ ಈ ವಿನ್ಯಾಸ ಹುಡುಕು, ಸಿಕ್ಕ ಸಾಲು ತೋರಿಸು. ಅಂದರೆ ಪಠ್ಯಸಂಪಾದನೆಯ ಸಮಸ್ಯೆ, ನಮ್ಮ ಎಂ.ಎ. ಎರಡನೆಯ ವರ್ಷದ ಪತ್ರಿಕೆಯ ಸಮಸ್ಯೆ. ಅದನ್ನು ಬಿಡಿಸಲು ಮಾಡಿದ ಕತ್ತಿಯನ್ನು ಇಂಜಿನಿಯರುಗಳು ಎತ್ತಿಕೊಂಡು ಹೋದರು. ನಾವು ‘ಇದು ನಮ್ಮದಲ್ಲ’ ಅಂತ ಕೈಕಟ್ಟಿ ಕೂತಿದ್ದೇವೆ.

ಈಮ್ಯಾಕ್ಸ್ ಅನ್ನುವ ಇನ್ನೊಂದು ಎಡಿಟರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮಲ್ಟಿಕ್ಸ್ ಅನ್ನುವ ವ್ಯವಸ್ಥೆಗೆ ಬರ್ನಾರ್ಡ್ ಗ್ರೀನ್‌ಬರ್ಗ್ ಅದರದೊಂದು ರೂಪ ಬರೆದಿದ್ದರು. ಅವರ ಕಚೇರಿಯ ಸೆಕ್ರೆಟರಿಗಳು ಅದನ್ನು ಕಲಿತು, ತಮಗೆ ಬೇಕಾದ ಹೊಸ ಅಪ್ಪಣೆಗಳನ್ನು ತಾವೇ ಬರೆದುಕೊಳ್ಳತೊಡಗಿದರು. ಕೈಪಿಡಿಯಲ್ಲಿ ಎಲ್ಲೂ ‘ಇದು ಪ್ರೋಗ್ರಾಮಿಂಗ್’ ಅಂತ ಬರೆದಿರಲಿಲ್ಲವಂತೆ. ಹಾಗಾಗಿ ಅವರು ಹೆದರಲಿಲ್ಲ. ರಿಚರ್ಡ್ ಸ್ಟಾಲ್ಮನ್ ಇದನ್ನು ಭಾಷಣವೊಂದರಲ್ಲಿ ನೆನೆದಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಇದಕ್ಕೆ ತದ್ವಿರುದ್ಧ. ಕೈಪಿಡಿ ತೆರೆಯುವ ಮೊದಲೇ ಯಾರೋ ಒಬ್ಬರು ಎದ್ದು ನಿಂತು ಹೆದರಿಸುತ್ತಾರೆ.

ಇನ್ನು ಅಪ್ಪಣೆಗಳ ವಿಷಯ. ಕಷ್ಟ ಕಷ್ಟ ಅನ್ನುತ್ತೀರಲ್ಲ, ಏನಿದೆ ಅದರಲ್ಲಿ ನೋಡೋಣ.

ವಿಮ್‌ನ ತಂದೆ ‘ವಿಐ’. ಬರೆದವರು ಬಿಲ್ ಜಾಯ್, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1976ರ ಹೊತ್ತಿಗೆ. ಅವರು ಬಳಸುತ್ತಿದ್ದ ಎಡಿಎಂ-3ಎ ಅನ್ನುವ ಟರ್ಮಿನಲ್ಲಿನಲ್ಲಿ ಬಾಣದ ಗುರುತಿಗೆ ಬೇರೆ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಎಡ, ಕೆಳಗೆ, ಮೇಲೆ, ಬಲ ಅಂತ ಬಾಣ ಬರೆದಿತ್ತು. ಇವತ್ತಿಗೂ ವಿಮ್‌ನಲ್ಲಿ ಓಡಾಡುವುದು ಅದೇ ನಾಲ್ಕು ಕೀಲಿಗಳಿಂದ. ಎಸ್ಕೇಪ್ ಕೀಲಿ ಈಗ ಟ್ಯಾಬ್ ಇರುವ ಜಾಗದಲ್ಲಿತ್ತು, ಕಿರುಬೆರಳಿಗೆ ಪಕ್ಕದಲ್ಲೇ. ಮನೆಯಿಂದ ಮೋಡೆಮ್ ಮೂಲಕ ಕೆಲಸ ಮಾಡುವಾಗ ವೇಗ 300 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಒಂದು ಪರದೆ ಪೂರ್ತಿ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿ ಬೇಕು. ಅಷ್ಟು ನಿಧಾನದ ತಂತಿಯಲ್ಲಿ ಮಾತು ಉದ್ದ ಮಾಡಿದರೆ ಆಗುತ್ತದೆಯೇ? ಒಂದೊಂದು ಅಪ್ಪಣೆಯೂ ಒಂದೊಂದು ಅಕ್ಷರವಾಯಿತು. ಬಡತನದಲ್ಲಿ ಹುಟ್ಟಿದ ಮಿತವ್ಯಯ ಇದು.

ಆದರೆ ಬರೀ ಚುಟುಕು ಅಕ್ಷರಗಳ ಪಟ್ಟಿಯಾಗಿದ್ದರೆ ನಾನೂ ಮೇಷ್ಟ್ರ ಪಕ್ಷ ಸೇರುತ್ತಿದ್ದೆ. ಉರುಹೊಡೆಯುವುದಕ್ಕೆ ಪ್ರಪಂಚದಲ್ಲಿ ಬೇರೆ ಒಳ್ಳೆಯ ವಸ್ತುಗಳಿವೆ. ಇಲ್ಲಿರುವುದು ವ್ಯಾಕರಣ. ‘ಡಿ’ ಅಂದರೆ ಅಳಿಸು. ಅದು ಕ್ರಿಯಾಪದ. ಅದೊಂದನ್ನೇ ಒತ್ತಿದರೆ ವಿಮ್ ಸುಮ್ಮನೆ ಕಾಯುತ್ತದೆ: ಅಳಿಸು ಸರಿ, ಏನನ್ನು? ‘ಡಬ್ಲ್ಯು’ ಒತ್ತಿದರೆ ಪದ. ‘ಎ’, ‘ಪಿ’ ಒತ್ತಿದರೆ ಇಡೀ ಪ್ಯಾರಾ. ‘ಐ’ ಒತ್ತಿ ಉದ್ಧರಣ ಚಿಹ್ನೆ ಒತ್ತಿದರೆ, ಕೊಟೇಶನ್ ಒಳಗಿನದಷ್ಟು. ಈಗ ‘ಡಿ’ ಬದಲು ‘ಸಿ’ ಅನ್ನಿ. ಅಳಿಸಿ ಬೇರೆ ಬರೆ ಎಂದು ಅರ್ಥ. ‘ವೈ’ ಅಂದರೆ ನಕಲು ತೆಗೆದುಕೋ. ಮೂರು ಕ್ರಿಯಾಪದ, ಹತ್ತು ನಾಮಪದ ಗೊತ್ತಾದರೆ ಮೂವತ್ತು ವಾಕ್ಯ ನಿಮ್ಮ ಕೈಯಲ್ಲಿ. ಮುಂದೆ ಒಂದು ಸಂಖ್ಯೆ ಹಾಕಿದರೆ ಅಷ್ಟು ಸಲ. ಕೊನೆಗೆ ಚುಕ್ಕಿ ಕೀಲಿ: ಈಗ ಮಾಡಿದ್ದನ್ನೇ ಇಲ್ಲೂ ಮಾಡು. ಪ್ರೂಫ್ ತಿದ್ದಿ ಕಣ್ಣು ಕೆಡಿಸಿಕೊಂಡವರಿಗೆ ಆ ಚುಕ್ಕಿಯ ಬೆಲೆ ಗೊತ್ತಾಗುತ್ತದೆ. ಎಡಿಟರಿನ ಜೊತೆ ಬರುವ ‘ವಿಮ್‌ಟ್ಯೂಟರ್’ ಅನ್ನುವ ಪಾಠ ಅರ್ಧ ಗಂಟೆಯದು. ಅದರಲ್ಲಿ ಮೊದಲ ದಿನಕ್ಕೆ ಬೇಕಾದ್ದೆಲ್ಲ ಇದೆ.

ಇಲ್ಲಿ ಒಂದು ತಮಾಷೆ. ‘ಅಳಿಸು ಪದ’ ಅನ್ನುವುದು ಇಂಗ್ಲಿಷಿನ ಕ್ರಮ. ನಮ್ಮಲ್ಲಿ ಕರ್ಮ ಮೊದಲು, ಕ್ರಿಯೆ ಆಮೇಲೆ: ಪದವನ್ನು ಅಳಿಸು. ಕಕೂನ್, ಹೀಲಿಕ್ಸ್ ಅನ್ನುವ ಈಚಿನ ಎರಡು ಟರ್ಮಿನಲ್ ಎಡಿಟರುಗಳು ವಿಮ್‌ನ ಕ್ರಮವನ್ನು ತಿರುಗಿಸಿಬಿಟ್ಟಿವೆ. ಮೊದಲು ಏನು ಅಂತ ಆರಿಸಿ ಆಮೇಲೆ ಏನು ಮಾಡಬೇಕು ಅಂತ ಹೇಳಬೇಕು. ಮಾಡಿದವರಿಗೆ ಕನ್ನಡ ಬರುವುದಿಲ್ಲ, ಏನನ್ನು ಅಳಿಸುತ್ತೇವೆಂದು ಕಣ್ಣಿಗೆ ಕಂಡ ಮೇಲೆ ಅಳಿಸುವುದು ಒಳ್ಳೆಯದು ಅನ್ನುವುದು ಅವರ ತರ್ಕ. ಆದರೂ ಮೊದಲ ಸಲ ಬಳಸಿದಾಗ ನಮ್ಮೂರಿನವರು ಯಾರೋ ಬರೆದಂತಿದೆ ಅನ್ನಿಸಿತು.

ಈಗ ನನ್ನ ಜಗಳ ಇನ್ನೊಂದು ಕಡೆಯವರ ಜೊತೆ. ವಿಮ್ ಭಕ್ತರು. ಮೇಷ್ಟ್ರಿಗೆ ಇದು ‘ಇಂಜಿನಿಯರಿಂಗ್ ಹುಡುಗರ’ ವಸ್ತು ಅನ್ನಿಸಿದ್ದರೆ ಅದರಲ್ಲಿ ಅರ್ಧ ತಪ್ಪು ಇವರದು. ಕಲಿತದ್ದನ್ನು ಜಾತಿಯ ಜನಿವಾರದ ಹಾಗೆ ಹಾಕಿಕೊಂಡು ಓಡಾಡುವವರು. ಹೊಸಬ ಒಬ್ಬ ‘ಇದರಿಂದ ಹೊರಗೆ ಬರುವುದು ಹೇಗೆ’ ಅಂತ ಕೇಳಿದರೆ ನಗುವವರು. ಹೊರಬರುವುದು ಹೇಗೆ ಅನ್ನುವ ಆ ಪ್ರಶ್ನೆಯನ್ನು ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ನೋಡಿದವರ ಸಂಖ್ಯೆ 2017ರಲ್ಲೇ ಹತ್ತು ಲಕ್ಷ ದಾಟಿತ್ತು. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಒತ್ತಿ, ಎಂಟರ್ ಒತ್ತಿ. ಬರೆದದ್ದು ಬೇಡ ಅಂದರೆ ಹೀಗೆ. ಬೇಕು ಅಂದರೆ ಕ್ಯೂ ಮೊದಲು ಡಬ್ಲ್ಯು ಸೇರಿಸಿ, ಆಶ್ಚರ್ಯಸೂಚಕ ಬಿಡಿ. ಇಷ್ಟೇ. ಇದನ್ನು ಹೇಳಲು ನಗಬೇಕಾಗಿಲ್ಲ.

ಭಕ್ತರು ಹೇಳುವ ಇನ್ನೊಂದು ಮಾತು ವೇಗ. ಮೌಸಿಗೆ ಕೈ ಹೋಗಿ ಬರುವ ಸಮಯ ಉಳಿಯುತ್ತದಂತೆ. ಉಳಿಯಲಿ, ಯಾರಿಗೆ ಬೇಕು? ನಾನು ದಿನಕ್ಕೆ ಎರಡು ಪುಟ ಬರೆಯುವವಳು. ಸೆಕೆಂಡು ಉಳಿಸಿ ಏನು ಮಾಡಲಿ? ಬರೆಯುವವರಿಗೆ ವೇಗ ಯಾವತ್ತೂ ಸಮಸ್ಯೆಯಾಗಿರಲಿಲ್ಲ. ಜಾರ್ಜ್ ಆರ್.ಆರ್. ಮಾರ್ಟಿನ್ ಇವತ್ತಿಗೂ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0 ಬಳಸುತ್ತಾರೆ, ಎಲ್ಲ ಕಂಟ್ರೋಲ್ ಕೀಲಿಯ ಅಪ್ಪಣೆಗಳಿಂದ. ಅವರ ಓದುಗರನ್ನು ಕೇಳಿ ನೋಡಿ ವೇಗದ ಬಗ್ಗೆ.

ನನಗೆ ವಿಮ್ ಕೊಟ್ಟದ್ದು ಬೇರೆ. ತೆರೆದ ತಕ್ಷಣ ಅದು ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಓದುವ, ತಿದ್ದುವ ಸ್ಥಿತಿಯಲ್ಲಿರುತ್ತದೆ. ಅದಕ್ಕೆ ಅವರಿಟ್ಟ ಹೆಸರೇ ‘ನಾರ್ಮಲ್’. ಹೊಸದಾಗಿ ಬರೆಯಬೇಕಾದರೆ ‘ಐ’ ಒತ್ತಿ ಅನುಮತಿ ಕೇಳಬೇಕು, ಬರೆದಾದ ಮೇಲೆ ಎಸ್ಕೇಪ್ ಒತ್ತಿ ವಾಪಸು ಬರಬೇಕು. ವರ್ಡ್ ತೆರೆದರೆ ಕರ್ಸರು ಪಿಳಿಪಿಳಿ ಕಣ್ಣು ಮಿಟುಕಿಸುತ್ತ ಬರೆ ಬರೆ ಅನ್ನುತ್ತಿರುತ್ತದೆ. ವಿಮ್ ಅನ್ನುವುದು, ಮೊದಲು ಇರುವುದನ್ನು ಓದು.

ಇದಕ್ಕೆ ವಿರೋಧವಾಗಿ ವಾದಿಸಿದ ದೊಡ್ಡ ಮನುಷ್ಯ ಲ್ಯಾರಿ ಟೆಸ್ಲರ್. ಕಟ್, ಕಾಪಿ, ಪೇಸ್ಟ್ ಅನ್ನುವುದನ್ನು ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ರೂಪಿಸಿದವರು, 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಅಕ್ಷರ, ಇನ್ನೊಂದು ಸ್ಥಿತಿಯಲ್ಲಿ ಅಪ್ಪಣೆ ಆಗುವುದು ಜನರನ್ನು ತಪ್ಪಿಗೆ ದೂಡುತ್ತದೆ ಅನ್ನುವುದು ಅವರ ವಾದ. ಅದಕ್ಕಾಗಿ ಜೀವನಪೂರ್ತಿ ಹೋರಾಡಿ, ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ ಅಂತ ಬರೆಸಿಕೊಂಡಿದ್ದರು. ಅವರು ಹೇಳಿದ್ದು ನಿಜ. ನಾನು ವಿಮ್ ಕಲಿತ ಮೊದಲ ವಾರ ‘ಐ’ ಒತ್ತುವುದು ಮರೆತು ಟೈಪು ಮಾಡಲು ಹೋಗಿ ಎರಡು ಪ್ಯಾರಾ ಹಾರಿಸಿದ್ದೆ. (‘ಯು’ ಒತ್ತಿದರೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಹತ್ತು ನಿಮಿಷದ ಹಿಂದೆ ಈ ಕಡತ ಹೇಗಿತ್ತೋ ಹಾಗೆ ತೋರಿಸು ಅಂತ ಕೇಳಬಹುದು ಅನ್ನುವುದಂತೂ ಎಷ್ಟೋ ವರ್ಷ ಗೊತ್ತಿರಲಿಲ್ಲ.) ಟೆಸ್ಲರ್ ಮಾತು ಮೊದಲ ವಾರದ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಆದರೆ ಎಂ.ಎ. ಎರಡು ವರ್ಷದ್ದು, ಪಿಎಚ್‌.ಡಿ. ಐದಾರು ವರ್ಷದ್ದು. ಮೊದಲ ವಾರದ ಸುಖಕ್ಕಾಗಿ ಉಪಕರಣ ಆರಿಸುವುದು ಯಾವ ಲೆಕ್ಕ? ಹಳಗನ್ನಡವನ್ನು ಮೊದಲ ವಾರ ಕಷ್ಟವಾಯಿತು ಅಂತ ಬಿಡುತ್ತೇವೆಯೇ? ಆಯಿತು, ಈಗೀಗ ಬಿಡುತ್ತಿದ್ದೇವೆ. ಅದು ಬೇರೆ ಪ್ರಬಂಧ.

ಈಗ ಕನ್ನಡಕ್ಕೆ ಬರುತ್ತೇನೆ. ಇಲ್ಲಿ ಮೇಷ್ಟ್ರು ಕೇಳಬಹುದಾಗಿದ್ದ ನಿಜವಾದ ಪ್ರಶ್ನೆ ಇತ್ತು, ಅವರು ಕೇಳಲಿಲ್ಲ. ‘ಅಲ್ಲಮ್ಮಾ, ಇದರಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆಯೇ?’

ಕಾಣುವುದಿಲ್ಲ ಸರ್. ಬಹಳಷ್ಟು ಟರ್ಮಿನಲ್ಲುಗಳಲ್ಲಿ ಸರಿಯಾಗಿ ಕಾಣುವುದಿಲ್ಲ. ಟರ್ಮಿನಲ್ ಅಂದರೆ ಚೌಕುಳಿ ಹಾಳೆ. ಒಂದು ಅಕ್ಷರಕ್ಕೆ ಒಂದು ಚೌಕ. ನಮ್ಮ ‘ಸ್ತ್ರೀ’ ಯಾವ ಚೌಕದೊಳಗೆ ಕೂರುತ್ತಾಳೆ? ಒತ್ತಕ್ಷರ ಒಡೆದು ಕಾಣುತ್ತದೆ, ಕೊಂಬು ಪಕ್ಕದ ಅಕ್ಷರದ ಮೇಲೆ ಹತ್ತುತ್ತದೆ. ವಿಮ್‌ಗಂತೂ ‘ಕ್ಷ’ ಎರಡು ಅಕ್ಷರ. ಒಂದನ್ನು ಅಳಿಸು ಅಂತ ‘ಎಕ್ಸ್’ ಒತ್ತಿದರೆ ‘ಕ್’ ಹೋಗಿ ‘ಷ’ ಉಳಿಯುತ್ತದೆ. ವಾಕ್ಯ ಅಂದರೆ ಅದಕ್ಕೆ ಪೂರ್ಣವಿರಾಮ, ಪ್ರಶ್ನೆ ಅಥವಾ ಆಶ್ಚರ್ಯಸೂಚಕದಲ್ಲಿ ಮುಗಿಯುವುದು. ಹಳೆಯ ಪಠ್ಯದ ದಂಡ ಅದಕ್ಕೆ ಗೊತ್ತಿಲ್ಲ. ವಾಕ್ಯ ಅಳಿಸು ಅಂದರೆ ಇಡೀ ಷಟ್ಪದಿ ಹೋದೀತು. ಪದ ಅಳಿಸು ಅಂದಾಗಲೂ ಕನ್ನಡದಲ್ಲಿ ಎಚ್ಚರ ಬೇಕು. ಇಂಗ್ಲಿಷಿನವರ ಪದ ಚಿಟಿಕೆಯಷ್ಟು, ನಮ್ಮ ‘ಬಂದಿರಲಿಲ್ಲವಾದ್ದರಿಂದ’ ಒಂದೇ ಏಟಿಗೆ ಮಾಯ.

ಕೀಲಿಮಣೆಯದು ಇನ್ನೊಂದು ಗೋಳು. ಕನ್ನಡ ಕೀಲಿಮಣೆ ಚಾಲೂ ಇಟ್ಟುಕೊಂಡು ಬರೆದು, ಎಸ್ಕೇಪ್ ಒತ್ತಿ, ‘ಡಿ’ ಒತ್ತಿದರೆ ವಿಮ್‌ಗೆ ಸಿಗುವುದು ‘ದ’. ಅದು ಪೆಚ್ಚಾಗಿ ನೋಡುತ್ತದೆ. ಪ್ರತಿಸಲ ಭಾಷೆ ಬದಲಿಸಿ ಅಪ್ಪಣೆ ಕೊಟ್ಟು ಮತ್ತೆ ಬದಲಿಸಬೇಕು. ಇದಕ್ಕೆ ವಿಮ್‌ನಲ್ಲೇ ಉತ್ತರ ಇದೆ. ಕೀಮ್ಯಾಪ್ ಅನ್ನುವ ಸೌಲಭ್ಯ ಬರೆಯುವ ಸ್ಥಿತಿಯಲ್ಲಿ ಮಾತ್ರ ಅಕ್ಷರ ಬದಲಿಸುತ್ತದೆ, ಎಸ್ಕೇಪ್ ಒತ್ತಿದ ಕೂಡಲೇ ಕೀಲಿಗಳು ಇಂಗ್ಲಿಷಿಗೆ ಮರಳುತ್ತವೆ. ಅದೊಂದು ಸಾದಾ ಪಠ್ಯದ ಕಡತ, ಸಾಲಿಗೆ ಒಂದು ಜೋಡಿ: ಈ ಕೀಲಿಗೆ ಈ ಅಕ್ಷರ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ನಾನು ಒಂದು ಭಾನುವಾರ ಕೂತು ಹಾಗೆ ಬರೆದುಕೊಂಡೆ. ಕಾಗುಣಿತ ಬಂದರೆ ಸಾಕು, ಬೇರೇನೂ ಬೇಡ ಅದಕ್ಕೆ.

ಈ ದೋಷಗಳನ್ನು ಮುಚ್ಚಿಟ್ಟು ವಿಮ್ ಮಾರುವ ವ್ಯಾಪಾರ ನನಗೆ ಬೇಡ. ಆದರೆ ಕೇಳುತ್ತೇನೆ, ಇಷ್ಟು ವರ್ಷವಾದರೂ ಇವು ಯಾಕೆ ಹೀಗೇ ಇವೆ? 1991ರಲ್ಲಿ ವಿಮ್ ಹೊರತಂದ ಡಚ್ ಪ್ರೋಗ್ರಾಮರ್ ಬ್ರಾಮ್ ಮೂಲೆನಾರ್ 2023ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು. ಉಚಿತವಾಗಿ ಕೊಟ್ಟು, ಇಷ್ಟವಾದರೆ ಉಗಾಂಡದ ಮಕ್ಕಳಿಗೆ ನೆರವು ಕಳಿಸಿ ಅಂದವರು. ಮೂಲ ಸಂಕೇತವೆಲ್ಲ ಬಯಲಲ್ಲಿದೆ. ಯಾರು ಬೇಕಾದರೂ ತಿದ್ದಬಹುದು. ಅರೇಬಿಕ್ ಬರೆಯುವವರು, ಹೀಬ್ರೂ ಬರೆಯುವವರು ತಮ್ಮ ಬಲದಿಂದ ಎಡಕ್ಕೆ ಓಡುವ ಲಿಪಿಗೆ ಬೇಕಾದ್ದನ್ನು ಅದರೊಳಗೆ ಸೇರಿಸಿಕೊಂಡರು. ಬೆಂಗಳೂರಿನಲ್ಲಿ ಕೂತು ದಿನವಿಡೀ ವಿಮ್ ಬಳಸುವ ಕನ್ನಡದ ಇಂಜಿನಿಯರುಗಳು ಎಷ್ಟು ಜನ! ಅವರು ಅದರಲ್ಲಿ ಕನ್ನಡ ಬರೆಯುವುದಿಲ್ಲ, ಹಾಗಾಗಿ ದೋಷ ಕಾಣುವುದಿಲ್ಲ. ಕನ್ನಡ ಬರೆಯುವವರಿಗೆ ವಿಮ್ ಅಂದರೇನೆಂದು ಗೊತ್ತಿಲ್ಲ, ಹಾಗಾಗಿ ದೂರುವುದಿಲ್ಲ. ಈ ಎರಡು ಗುಂಪಿನ ನಡುವೆ ಗೋಡೆ ಕಟ್ಟಿದ್ದು ‘ನಮ್ಮ ಹುಡುಗರಿಗೆ ಯಾಕೆ’ ಅನ್ನುವ ಮಾತು. ಟರ್ಮಿನಲ್ಲಿನಲ್ಲಿ ಕನ್ನಡ ಒಡೆದು ಕಾಣುವುದಕ್ಕೆ ತಾಂತ್ರಿಕ ಕಾರಣ ಹತ್ತಿರಬಹುದು. ನಾನು ದೂರುವುದು ಆ ಗೋಡೆಯನ್ನು.

ಇದರಲ್ಲಿ ಕಳೆದುಕೊಳ್ಳುವುದು ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ನನಗೆ ಪಿಯುಸಿಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರೊಬ್ಬರು ಇಪ್ಪತ್ತು ವರ್ಷ ತಮ್ಮ ತಾಲ್ಲೂಕು ಸುತ್ತಿ ಜನಪದ ಹಾಡು ಸಂಗ್ರಹಿಸಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಅಷ್ಟನ್ನೂ ಟೈಪು ಮಾಡಿಸಿದರು. ಪ್ರಕಾಶಕರು ಸಿಗಲಿಲ್ಲ. ಕೈಬರಹದ ನೋಟ್‌ಬುಕ್ಕುಗಳು ಮನೆ ಬದಲಾಯಿಸುವಾಗ ಗೆದ್ದಲಿಗೆ ಹೋದವು. ಉಳಿದದ್ದು ಒಂದು ಸೀಡಿ. ನನಗೆ ಅದನ್ನು ಕೊಟ್ಟಾಗ ‘ಇದರಲ್ಲಿ ಎಲ್ಲ ಇದೆಯಮ್ಮಾ’ ಅಂದರು. ತೆರೆದರೆ ತಲೆ ಮೇಲೆ ಗೆರೆ ಎಳೆದ ‘ಎ’, ಬಾಲ ಬಿಟ್ಟ ‘ಸಿ’, ಪೌಂಡಿನ ಗುರುತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದಿದ್ದರೆ ಕನ್ನಡವೇ ಇಲ್ಲ. ಅಂಗಡಿ ಮುಚ್ಚಿ ಹತ್ತು ವರ್ಷವಾಗಿತ್ತು. ಇಂಟರ್ನೆಟ್ಟಿನಲ್ಲಿ ಸಿಗುವ ಪರಿವರ್ತಕಗಳು ಬೇರೆ ಫಾಂಟಿನವು, ಅರ್ಧ ಅಕ್ಷರ ತಪ್ಪಾಗಿ ಬಂತು.

ವಿಮ್‌ನಲ್ಲಿ ಒಂದು ಅಪ್ಪಣೆ ಇದೆ: ಇಡೀ ಕಡತದಲ್ಲಿ ಇದರ ಜಾಗದಲ್ಲಿ ಅದನ್ನು ಹಾಕು. ಎಡ್‌ನ ಕಾಲದ್ದು. ನಾನು ಪಕ್ಕದಲ್ಲಿ ಇನ್ನೊಂದು ಕಡತ ಇಟ್ಟುಕೊಂಡು ಸಾಲಿಗೆ ಒಂದರಂತೆ ಅಂಥ ಅಪ್ಪಣೆಗಳನ್ನು ಬರೆಯುತ್ತ ಹೋದೆ. ಉದ್ದದ ಚೂರುಗಳು ಮೊದಲು, ಚಿಕ್ಕವು ಆಮೇಲೆ. ಇಲ್ಲದಿದ್ದರೆ ಚಿಕ್ಕದು ಉದ್ದದ್ದನ್ನು ತಿಂದುಬಿಡುತ್ತದೆ. ಅರ್ಕಾವತ್ತು ಬಹಳ ಕಾಡಿತು. ಕಣ್ಣಿಗೆ ಕಾಣುವ ಹಾಗೆ ಬರೆದ ಆ ಫಾಂಟಿನಲ್ಲಿ ಅದು ‘ಧರ್ಮ’ದ ‘ಮ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವ ಹಾಗೆ, ‘ಮ’ಕ್ಕೆ ಮೊದಲು. ಹಿಂದಿನ ಅಕ್ಷರವನ್ನು ಹಿಡಿದು, ದಾಟಿಸಿ, ಮುಂದೆ ಕೂರಿಸು ಅನ್ನುವ ಒಂದು ಸಾಲು ಬರೆಯಲು ಎರಡು ಸಂಜೆ ಹಿಡಿಯಿತು. ಆ ಒಂದು ಸಾಲು ಓಡಿದಾಗ ಪರದೆಯ ಮೇಲೆ ಸಾವಿರಾರು ಅರ್ಕಾವತ್ತುಗಳು ಒಟ್ಟಿಗೆ ತಮ್ಮ ಜಾಗಕ್ಕೆ ಹೋಗಿ ಕೂತವು. ಮೂರು ವಾರದಲ್ಲಿ ಹಾಡುಗಳು ಬಂದವು. ಎರಡು ಪುಟ ಮಾತ್ರ ಬರಲಿಲ್ಲ, ಸೀಡಿಯೇ ಗೀಚಿಹೋಗಿತ್ತು.

ಇಂಥ ಎಷ್ಟು ಸೀಡಿಗಳು ಎಷ್ಟು ಬೀರುಗಳಲ್ಲಿ ಇವೆ ಅಂತ ಈ ಪ್ರಬಂಧ ಓದುತ್ತಿರುವ ನಿಮಗೇ ಗೊತ್ತು. ಪಿಎಚ್‌.ಡಿ. ಪ್ರಬಂಧಗಳು, ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳು, ತೀರಿಕೊಂಡ ಅಪ್ಪನ ಆತ್ಮಕಥೆ. ಅವನ್ನು ಬಿಡಿಸಲು ಫಾಂಟೂ ಗೊತ್ತಿರಬೇಕು, ಅರ್ಕಾವತ್ತೂ ಗೊತ್ತಿರಬೇಕು, ಹಾಡಿನ ಆಡುಮಾತೂ ಗೊತ್ತಿರಬೇಕು. ಇಂಜಿನಿಯರಿಂಗ್ ಹುಡುಗ ಒಬ್ಬನೇ ಮಾಡಲಾರ. ‘ಈಗ ಎಐ ಇದೆಯಲ್ಲ, ಅದೇ ಮಾಡುತ್ತದೆ’ ಅನ್ನುವವರಿಗೆ ಒಂದೇ ಪ್ರಶ್ನೆ: ಅದು ಮಾಡಿದ್ದು ಸರಿಯೋ ತಪ್ಪೋ ಅಂತ ಐನೂರು ಪುಟದಲ್ಲಿ ನೋಡುವವರು ಯಾರು, ಯಾವುದರಿಂದ? ನೋಡಲು ಮೌಸಿನಿಂದ ಪುಟ ಉರುಳಿಸುತ್ತ ಹೋಗುತ್ತೀರಾ?

ಕಣ್ಣಿಗೆ ಕಾಣದ ದೋಷಗಳೂ ಇವೆ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ಟ’ಕ್ಕೆ ‘ವ’ ಒತ್ತಾಗದಂತೆ ನಡುವೆ ಒಂದು ಶೂನ್ಯ ಅಗಲದ ಗುರುತು ಹಾಕುತ್ತೇವೆ. ಕೆಲವು ಕೀಲಿಮಣೆಗಳು ಬೇಡದ ಕಡೆಯೂ ಅದನ್ನು ಉದುರಿಸಿಹೋಗುತ್ತವೆ. ನೋಡಲು ಎರಡು ಪದ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಯಾವುದೋ ಲೇಖಕರು ಒಂದು ಪದ ಎಷ್ಟು ಸಲ ಬಳಸಿದ್ದಾರೆ ಅಂತ ಎಣಿಸಿ ಸಿದ್ಧಾಂತ ಕಟ್ಟುವವರು ಇದನ್ನು ಯೋಚಿಸಬೇಕು. ವರ್ಡ್ ಸುಮ್ಮನೆ ತೆರೆದರೆ ಇದು ಕಾಣದು. ವಿಮ್ ಆ ಗುರುತನ್ನು ಅಂಕಿಯಾಗಿ ಬಯಲಿಗೆಳೆದು ತೋರಿಸುತ್ತದೆ, ಕುರೂಪವಾಗಿ, ಸಾಲಿನ ನಡುವೆ. ಕರಿಪರದೆ ಚೆಂದವಿಲ್ಲ ನಿಜ. ಆದರೆ ಇರುವುದನ್ನು ಮುಚ್ಚುವುದಿಲ್ಲ.

ನಾನು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ನಮ್ಮೂರಿನ ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ್ದರು. ಊರಿಗೂರೇ ಆ ಮೆಟ್ಟಿಲು ಹತ್ತುತ್ತಿತ್ತು. ಕೀಲಿ ನೋಡದೆ, ಬೆರಳು ಬೆರಳಿಗೆ ಪಾಠ, ಒಂದೇ ಸಾಲು ನೂರು ಸಲ. ಇಂಗ್ಲಿಷ್ ಮುಗಿಸಿ ಕನ್ನಡ, ಜೂನಿಯರ್ ಮುಗಿಸಿ ಸೀನಿಯರ್, ಕೆಲವರು ಶಾರ್ಟ್‌ಹ್ಯಾಂಡ್. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರ ಮಕ್ಕಳು, ಮೇಷ್ಟ್ರ ಮಕ್ಕಳು, ದರ್ಜಿಯ ಮಕ್ಕಳು. ಯಾರೂ ‘ಇದು ನಮ್ಮ ಹುಡುಗರಿಗೆ ಯಾಕೆ’ ಅನ್ನಲಿಲ್ಲ. ಕೈಗೆ ಕಲಿಸಿದ್ದು ಕೈಯಲ್ಲಿ ಉಳಿಯುತ್ತದೆ ಅಂತ ನಮ್ಮಮ್ಮನಿಗೂ ಗೊತ್ತಿತ್ತು. ಆಮೇಲೆ ಯಾವಾಗಲೋ ಟೈಪಿಂಗು ಗುಮಾಸ್ತರ ಕೆಲಸವಾಯಿತು, ಸಾಹಿತ್ಯ ಓದುವವರಿಗೆ ಅವಮಾನವಾಯಿತು. ಎರಡು ಬೆರಳಲ್ಲಿ ಕುಟ್ಟುತ್ತ ‘ನನಗೆ ಈ ಟೆಕ್ನಾಲಜಿ ಎಲ್ಲ ಬರಲ್ಲಪ್ಪ’ ಅನ್ನುವುದು ಒಂದು ಬಗೆಯ ಪದವಿಯೂ ಆಯಿತು. ವೇದಿಕೆಯ ಮೇಲೆ ನಿಂತು ಹಾಗಂದವರಿಗೆ ಚಪ್ಪಾಳೆ ಬಿದ್ದದ್ದನ್ನು ನೋಡಿದ್ದೇನೆ. ಹಸ್ತಪ್ರತಿ ಓದಲು ಬರುವುದಿಲ್ಲ ಅಂತ ಸಂಶೋಧಕರೊಬ್ಬರು ಹೇಳಿಕೊಂಡರೆ ಚಪ್ಪಾಳೆ ತಟ್ಟುತ್ತೇವೆಯೇ?

ಕಮ್ಮಟದ ದಿನ ನಕ್ಕ ಹುಡುಗರ ನಡುವೆ ನಗದೆ ಕೂತಿದ್ದ ಒಬ್ಬಳಿದ್ದಳು. ತನ್ನ ಅಜ್ಜಿ ಬಳಸುವ ಪದಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಬರೆದಿಟ್ಟುಕೊಂಡಿದ್ದಳು, ಎಂಟುನೂರು ಚಿಲ್ಲರೆ. ಎರಡು ತಿಂಗಳ ಮೇಲೆ ಅವಳ ಈಮೇಲು ಬಂತು. ‘ಮೇಡಂ, ಸಾರ್ಟ್ ಅಂತ ಕೊಟ್ಟರೆ ಅಕಾರಾದಿ ಆಗುತ್ತದೆ, ಆದರೆ ತಪ್ಪಾಗಿ ಆಗುತ್ತದೆ. ಕಳಸ ಮೊದಲು ಬಂದು ಕವಡೆ ಆಮೇಲೆ ಬರುತ್ತಿದೆ. ಯಾಕೆ?’ ಯೂನಿಕೋಡಿನಲ್ಲಿ ಭಾರತದ ಲಿಪಿಗಳಿಗೆಲ್ಲ ಇಸ್ಕಿ ಅನ್ನುವ ಹಳೆಯ ಮಾನಕದ ಒಂದೇ ಅಚ್ಚು, ಅದರಲ್ಲಿ ‘ಳ’ವನ್ನು ‘ಲ’ದ ಪಕ್ಕದಲ್ಲೇ ಕೂರಿಸಿದ್ದಾರೆ, ನಮ್ಮ ವರ್ಣಮಾಲೆಯಂತೆ ‘ಹ’ ಆದ ಮೇಲಲ್ಲ ಅಂತ ಬರೆದೆ. ಪರಿಹಾರ ಹೇಳಲಿಲ್ಲ, ನನಗೂ ಆ ಕ್ಷಣಕ್ಕೆ ಹೊಳೆದಿರಲಿಲ್ಲ.

ಮರುದಿನ ಅವಳೇ ಬರೆದಳು. ಯೂನಿಕೋಡಿನ ಪಟ್ಟಿ ತೆಗೆದು ನೋಡಿದಳಂತೆ. ‘ಹ’ ಆದ ಮೇಲೆ, ದೀರ್ಘದ ಗುರುತು ಬರುವುದಕ್ಕೆ ಮೊದಲು ಅವಗ್ರಹ ಇದೆ. ಅಜ್ಜಿಯ ಮಾತಿನಲ್ಲಿ ಅವಗ್ರಹ ಎಲ್ಲಿಂದ ಬರಬೇಕು? ಹಾಗಾಗಿ ಕಡತದ ‘ಳ’ಗಳನ್ನೆಲ್ಲ ಒಂದು ಅಪ್ಪಣೆಯಲ್ಲಿ ಅವಗ್ರಹ ಮಾಡಿ, ಸಾರ್ಟ್ ಕೊಟ್ಟು, ಮತ್ತೆ ‘ಳ’ ಮಾಡಿದ್ದಳು. ಮೂರು ಸಾಲು. ಪಟ್ಟಿಯನ್ನೂ ಜೊತೆಗೆ ಕಳಿಸಿದ್ದಳು. ಕವಡೆ, ಆಮೇಲೆ ಕಳಸ, ಆಮೇಲೆ ಕಾಡಿಗೆ.